ಒಣ ಕಾಲುವೆಯ ರವಿವಾರಗಳು

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಸೈಕಲ್ ಇದೆ. ಎಷ್ಟು ತುಳಿದರೂ ಅದು ಎಲ್ಲಿಗೂ ಹೋಗುವುದಿಲ್ಲ. ನಿಂತಲ್ಲೇ ನಿಂತು ತುಳಿಯಲಿಕ್ಕೆಂದು, ಮೈ ಕರಗಿಸಲಿಕ್ಕೆಂದು ಮಾಡಿದ ಯಂತ್ರ ಅದು. ಸದ್ಯಕ್ಕೆ ಅದರ ಹ್ಯಾಂಡಲ್ ಮೇಲೆ ನನ್ನ ಎರಡು ಬನಿಯನ್, ಸೀಟಿನ ಮೇಲೆ ನನ್ನವಳ ಒಂದು ಟಾವೆಲ್ ಒಣಗುತ್ತಿವೆ. ಮನೆಗೆ ಬಂದವರು ಅದನ್ನು ಕಂಡು, "ಏನ್ರಿ, ವ್ಯಾಯಾಮ ಜೋರ ನಡದದ ಅಲ್ಲಾ?" ಅನ್ನುತ್ತಾರೆ. ಆಮೇಲೆ ನನ್ನ ಹೊಟ್ಟೆಯ ಕಡೆ ಒಮ್ಮೆ ಕಣ್ಣು ಹಾಯಿಸಿ ಮಾತು ಬದಲಿಸುತ್ತಾರೆ.

ಅದು ನನಗೆಂದು ತಂದದ್ದಲ್ಲ. ಮುನವಳ್ಳಿಯಲ್ಲಿರುವ ನಮ್ಮ ಅಣ್ಣನಿಗೆಂದು ಗದಗಿನಲ್ಲಿರುವ ಅವನ ಮಗಳು ಕಳಿಸಿಕೊಟ್ಟದ್ದು. ಅಣ್ಣ ಕುರ್ಚಿಯಲ್ಲಿ ಕೂತೇ ಅದನ್ನು ಮೇಲಿಂದ ಕೆಳಗೆ ನೋಡಿದ. "ಇದು ಎಲ್ಲೂ ಹೋಗೂದಿಲ್ಲಲ್ಲೋ ಗುಂಡ್ಯಾ. ಇಂಥಾವ್ರು ಒಂದ ಮನ್ಯಾಗ ಇಬ್ಬರು ಯಾಕ? ನಾ ಒಬ್ಬಾಂವ ಸಾಕು" ಅಂದ. ನಾವೆಲ್ಲ ನಕ್ಕೆವು. ಹಾಗೆ ಅದು ಬೈಲಹೊಂಗಲದ ನಮ್ಮ ಮನೆ ಸೇರಿತು.

ಗುಂಡ್ಯಾ ಎಂದರೆ ನಾನು. ಅರವತ್ತರ ಹತ್ತಿರ ಬಂದಿದ್ದೇನೆ, ಪೇಟೆಯಲ್ಲಿ ನನ್ನದೊಂದು ಔಷಧ ಅಂಗಡಿ ಇದೆ, ಊರವರು ನನ್ನನ್ನು ಸಾಹೇಬರು ಅನ್ನುತ್ತಾರೆ. ಅಣ್ಣನಿಗೆ ಮಾತ್ರ ನಾನು ಇನ್ನೂ ಗುಂಡ್ಯಾನೇ. ಔಷಧ ಅಂಗಡಿಯವನಿಗೆ ಊರಿನ ಎಲ್ಲರ ಒಳಗುಟ್ಟೂ ಗೊತ್ತಿರುತ್ತದೆ. ಯಾರಿಗೆ ಸಕ್ಕರೆ, ಯಾರಿಗೆ ನಿದ್ದೆ ಬರುವುದಿಲ್ಲ, ಯಾವ ದೊಡ್ಡ ಮನುಷ್ಯನಿಗೆ ಮಲಬದ್ಧತೆ ಎಂಬುದನ್ನೆಲ್ಲ ಚೀಟಿ ನೋಡಿದ ಕೂಡಲೇ ತಿಳಿದುಕೊಂಡು, ಏನೂ ತಿಳಿಯದವನಂತೆ ಗುಳಿಗೆ ಕತ್ತರಿಸಿ ಕೊಡುವುದೇ ನನ್ನ ವೃತ್ತಿ. ಇಷ್ಟು ವರ್ಷ ಹೀಗೆ ಬೇರೆಯವರ ಚೀಟಿ ಓದಿದವನು ಒಂದು ದಿನ ಅಣ್ಣನ ಚೀಟಿಯನ್ನು ಕೈಗೆ ತೆಗೆದುಕೊಂಡೆ. ಅದರಲ್ಲಿದ್ದ ಮೊದಲನೆಯ ಗುಳಿಗೆಯ ಹೆಸರು ಓದಿದಾಗ ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅದು ಕಂಪವಾತದ ಗುಳಿಗೆ.

ಅಣ್ಣ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರನಾಗಿದ್ದ. ರೋಗ ಮೊದಲು ಕಾಣಿಸಿಕೊಂಡದ್ದು ಕರಿಹಲಗೆಯ ಮೇಲೆ. ಅಂಕಿಗಳು ಸಾಲು ಮುಂದುವರಿದಂತೆ ಸಣ್ಣಗಾಗುತ್ತ ಹೋಗಿ, ಕೊನೆಗೆ ಉತ್ತರ ಬರುವಷ್ಟರಲ್ಲಿ ಇರುವೆಯಷ್ಟಾಗುತ್ತಿದ್ದವಂತೆ. ಹಿಂದಿನ ಬೆಂಚಿನವರು ಕಾಣಸೂದಿಲ್ರಿ ಅಂದರೆ, "ನೀವು ಲಗೂನ ಚಷ್ಮಾ ಹಾಕ್ಕೊಳ್ರಿ" ಎಂದು ಗದರಿಸುತ್ತಿದ್ದನಂತೆ. ನಿವೃತ್ತಿಯ ಹೊತ್ತಿಗೆ ಎಡಗೈ ನಡುಗತೊಡಗಿತು. ಅದಾದ ಮೇಲೆ ಕಾಲು.

ಕಾಲಿನದು ನಡುಕವಲ್ಲ. ಅದು ಅಂಟಿಕೊಳ್ಳುವುದು. ಪಡಸಾಲೆಯಿಂದ ಅಡುಗೆಮನೆಗೆ ಹೊರಟವನು ಹೊಸ್ತಿಲ ಹತ್ತಿರ ಬಂದು ನಿಂತುಬಿಡುತ್ತಾನೆ. ಮೈ ಮುಂದಕ್ಕೆ ವಾಲುತ್ತದೆ, ಪಾದಗಳು ಮಾತ್ರ ನೆಲ ಬಿಡುವುದಿಲ್ಲ. ನೂಕಿದರೆ ಬೀಳುತ್ತಾನೆ, ಎಳೆದರೂ ಬೀಳುತ್ತಾನೆ. "ಎತ್ತು, ಕಾಲೆತ್ತು" ಎಂದು ನಾವು ಸುತ್ತ ನಿಂತು ಕೂಗಿದರೆ ಇನ್ನಷ್ಟು ಗಟ್ಟಿಯಾಗಿ ಅಂಟಿಕೊಳ್ಳುತ್ತಾನೆ. ಹೊಸ್ತಿಲಾಚೆ ವೈನಿ, ಅಂದರೆ ನಮ್ಮ ಅತ್ತಿಗೆ, ಚಹಾದ ಕಪ್ಪು ಹಿಡಿದು ನಿಂತಿರುತ್ತಾರೆ, ಈಚೆ ಅಣ್ಣ ನಿಂತಿರುತ್ತಾನೆ, ಚಹಾ ಆರುತ್ತದೆ. ಇಂಥ ಚಹಾಗಳನ್ನು ನಾನು ಬಹಳ ನೋಡಿದ್ದೇನೆ.

ಇದಕ್ಕೆ ಉಪಾಯ ಹುಡುಕಿದವರು ವೈನಿ. ಒಂದು ಮುಂಜಾನೆ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದಾಗ, ಬಾಗಿಲಲ್ಲಿ ಅಂಟಿಕೊಂಡು ನಿಂತಿದ್ದ ಅಣ್ಣ ರಂಗೋಲಿ ತುಳಿಯಬಾರದೆಂದು ತಾನಾಗಿಯೇ ಕಾಲೆತ್ತಿ ದಾಟಿದನಂತೆ. ಎಪ್ಪತ್ತು ವರ್ಷದ ಸಂಸ್ಕಾರ ನೋಡಿ, ರೋಗಕ್ಕಿಂತ ಹಳೆಯದು. ಅಂದಿನಿಂದ ವೈನಿ ಮನೆಯ ಒಳಗೆಲ್ಲ ಅಡ್ಡ ಗೆರೆ ಎಳೆಯತೊಡಗಿದರು. ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ದೇವರ ಮನೆಗೆ, ಅಲ್ಲಿಂದ ಊಟದ ಜಾಗಕ್ಕೆ, ಒಂದು ಹೆಜ್ಜೆಗೆ ಒಂದು ಗೆರೆ. ಅಣ್ಣ ಅವನ್ನು ಒಂದೊಂದಾಗಿ ದಾಟುತ್ತ ಮನೆಯೊಳಗೆ ಓಡಾಡುತ್ತಿದ್ದ. ಕಸ ಗುಡಿಸುವವಳು ಬಂದು ಹೋದ ಮೇಲೆ ಮತ್ತೆ ಹೊಸ ಗೆರೆ. ನೋಡಿದವರಿಗೆ ಇದೇನೋ ವ್ರತ ಅನ್ನಿಸುತ್ತಿತ್ತು. ಒಬ್ಬ ಮುತ್ತೈದೆ ಈ ವ್ರತದ ವಿಧಾನ ಹೇಳಿಕೊಡಿರೆಂದು ವೈನಿಗೆ ಗಂಟುಬಿದ್ದಿದ್ದಳು. ಎದುರು ಮನೆಯ ಅರಳೆ ವ್ಯಾಪಾರದ ಮಲ್ಲೇಶಪ್ಪನವರು ಮಾತ್ರ ನನ್ನನ್ನು ಓಣಿಯ ಮೂಲೆಗೆ ಕರೆದು, "ಯಾರರ ಏನರ ಮಾಡ್ಸ್ಯಾರೇನ್ರಿ? ಹೇಳ್ರಿ, ನಮಗೊಬ್ಬರು ಛಲೋ ಮಂತ್ರಾ ಹಾಕೂವ್ರು ಗೊತ್ತದಾರ" ಎಂದು ಪಿಸುಗುಟ್ಟಿದ್ದರು.

ಗೆರೆಗಳಿದ್ದದ್ದು ಮನೆಯೊಳಗೆ ಮಾತ್ರ. ಮುನವಳ್ಳಿಯ ಓಣಿಗೆಲ್ಲ ರಂಗೋಲಿ ಎಳೆಯುವುದು ವೈನಿಯಿಂದಲೂ ಆಗದ ಮಾತು. ಅಣ್ಣ ಹೊರಗೆ ಬರುವುದೇ ನಿಂತುಹೋಯಿತು.

ನಿಜವಾದ, ಮುಂದೆ ಹೋಗುವ ಸೈಕಲ್ಲಿನ ವಿಷಯ ಗೊತ್ತಾದದ್ದು ಆಕಸ್ಮಿಕ. ಅದನ್ನು ಹೇಳಬೇಕಾದರೆ ನಮ್ಮಪ್ಪನ ವಿಷಯ ಹೇಳಬೇಕು. ಹುಟ್ಟಿ ಬೆಳೆದದ್ದು ನಾವು ಕಿತ್ತೂರಿನಲ್ಲಿ. ಅಪ್ಪ ಅಲ್ಲಿ ಒಂದು ಹನುಮಪ್ಪನ ಗುಡಿಯ ಪೂಜೆ ಮಾಡುತ್ತಿದ್ದರು. ಗುಡಿ ದೂರ, ಅಪ್ಪನ ಹತ್ತಿರ ಸೈಕಲ್ ಇತ್ತು, ಸೈಕಲ್ಲಿನ ಸೀಟು ಚರ್ಮದ್ದಾಗಿತ್ತು. ಮಡಿಯಲ್ಲಿ ಚರ್ಮ ಮುಟ್ಟುವಂತಿಲ್ಲವಲ್ಲ. ಆದ್ದರಿಂದ ಅಪ್ಪ ಪ್ರತಿದಿನ ಮಡಿಯುಟ್ಟು, ಹ್ಯಾಂಡಲ್ಲಿಗೆ ನೀರಿನ ತಂಬಿಗೆ ತೂಗುಹಾಕಿ, ಸೀಟಿಗೆ ಮೈ ತಾಗದಂತೆ ಒಂದು ಮೊಳ ದೂರದಲ್ಲಿ ನಡೆಯುತ್ತ ಸೈಕಲ್ಲನ್ನು ಗುಡಿಯ ತನಕ ತಳ್ಳಿಕೊಂಡು ಹೋಗುತ್ತಿದ್ದರು. ಪೂಜೆ ಮುಗಿದು ಮಡಿ ಬಿಟ್ಟ ಮೇಲೆ ಹತ್ತಿ ಬರುತ್ತಿದ್ದರು. ಹೋಗುವಾಗ ಸುಮ್ಮನೆ ಕೈಬೀಸಿಕೊಂಡು ಹೋಗಬಾರದೇ ಎಂದು ಕೇಳಿದರೆ, "ಬರೂ ಮುಂದ ಏನ ಹತ್ತಿ ಬರಲೋ?" ಅನ್ನುತ್ತಿದ್ದರು. ಈ ತರ್ಕಕ್ಕೆ ನಮ್ಮ ಗಣಿತದ ಮಾಸ್ತರನಲ್ಲೂ ಉತ್ತರವಿರಲಿಲ್ಲ.

ಅದೇ ಸೈಕಲ್ಲಿನಲ್ಲಿ ಅಣ್ಣ ಕೋಟೆಯ ಬಯಲಿನಲ್ಲಿ ಸವಾರಿ ಕಲಿತ, ಆಮೇಲೆ ನನಗೆ ಕಲಿಸಿದ. ಹಾಳುಬಿದ್ದ ಗೋಡೆಗಳ ನಡುವೆ ನಾನು ದಂಡದ ಕೆಳಗೆ ಕಾಲು ತೂರಿಸಿ ಅರ್ಧರ್ಧ ಪೆಡಲ್ ತುಳಿಯುವುದು, ಅವನು ಹಿಂದೆ ಸೀಟು ಹಿಡಿದು ಓಡುವುದು. ಇತಿಹಾಸ ನೋಡಲು ಬಂದ ಪರವೂರಿನವರು ನನ್ನನ್ನೂ ನೋಡಿ ಹೋಗುತ್ತಿದ್ದರು. ಕಲಿತ ಮೇಲೆ ಇಬ್ಬರೂ ದೇಗಾಂವಕ್ಕೆ ಹೋದದ್ದಿದೆ. ಕಮಲನಾರಾಯಣನ ಗುಡಿಯ ತಂಪು ಕಲ್ಲಿನ ಮೇಲೆ ಮಲಗಿ ಅಣ್ಣ, "ಗುಂಡ್ಯಾ, ನಾವು ಹಿಂಗ ಹೊಂಟರ ಒಂದ ದಿನಾ ಸವದತ್ತಿ, ಅಲ್ಲಿಂದ ರಾಮದುರ್ಗ, ಅಲ್ಲಿಂದ..." ಎಂದು ತನಗೆ ಗೊತ್ತಿದ್ದ ಊರುಗಳ ಹೆಸರನ್ನೆಲ್ಲ ಹೇಳುತ್ತಿದ್ದ. ನನಗೆ ಹಸಿವೆ. ರಾಮದುರ್ಗದಲ್ಲಿ ಊಟಕ್ಕೆ ಏನಿರುತ್ತದೆ ಎಂದು ನಾನು ಕೇಳುತ್ತಿದ್ದೆ.

ಇರಲಿ. ಒಂದು ಸಂಜೆ ಮುನವಳ್ಳಿಯಲ್ಲಿ ನಾನಿದ್ದಾಗ ಅಣ್ಣ ಅಂಗಳದಲ್ಲಿ ಅಂಟಿಕೊಂಡು ನಿಂತ. ಹಿಡಿದುಕೊಳ್ಳಲು ಏನಾದರೂ ಕೊಡೋಣವೆಂದು ಗೋಡೆಗೆ ಒರಗಿಸಿದ್ದ ಅವನ ಮಗಳ ಹಳೆಯ ಲೇಡೀಸ್ ಸೈಕಲ್ಲನ್ನು ಅವನ ಮುಂದೆ ತಂದು ನಿಲ್ಲಿಸಿದೆ. ಅಪ್ಪನ ಹಾಗೆ ತಳ್ಳುತ್ತ ನಾಲ್ಕು ಹೆಜ್ಜೆ ಹಾಕಿಯಾನು ಎಂಬುದಷ್ಟೇ ನನ್ನ ಆಸೆ. ಅವನು ಹ್ಯಾಂಡಲ್ ಹಿಡಿದ, ನನ್ನ ಹೆಗಲಿಗೆ ಕೈಕೊಟ್ಟ, ಹೇಗೋ ಸೀಟಿನ ಮೇಲೆ ಕೂತ. ಕೂತವನು ಪೆಡಲ್ ತುಳಿದೇಬಿಟ್ಟ. ಗೇಟು ದಾಟಿದ, ಓಣಿಯ ಉದ್ದಕ್ಕೂ ಹೋದ, ನೆಟ್ಟಗೆ, ಬೆನ್ನು ನೇರ ಮಾಡಿಕೊಂಡು, ಸಾಲೆಗೆ ಹೊತ್ತಾದ ಮಾಸ್ತರನಂತೆ ಹೋದ. ವೈನಿ ಕೈಯಲ್ಲಿದ್ದ ಕಸಬರಿಗೆ ಹಿಡಿದುಕೊಂಡೇ ಬಾಗಿಲಿಗೆ ಬಂದರು. "ಅಯ್ಯ! ಅಯ್ಯಯ್ಯ! ಇವರು ಎಲ್ಲೆ ಹೊಂಟ್ರೋ?" ಎಂದು ಕೂಗಿ ಅಳತೊಡಗಿದರು.

ಹೋದದ್ದು ಸರಿ, ಇಳಿಯುವುದು ಹೇಗೆ? ಅದು ಅವನಿಗೂ ಓಣಿಯ ತುದಿಯಲ್ಲೇ ಹೊಳೆದದ್ದು. ಸೈಕಲ್ ನಿಂತ ಕೂಡಲೇ ಕಾಲು ನೆಲಕ್ಕೆ ಬರಬೇಕಲ್ಲ, ಆ ಕಾಲು ಪೆಡಲ್ ಬಿಡಲೊಲ್ಲದು. ಯಾರದೋ ಜೋಳದ ಕಣಿಕೆಯ ಬಣವೆಗೆ ಹೋಗಿ ಆತುಕೊಂಡ. ನಾನು ಏದುಸಿರು ಬಿಡುತ್ತ ಮುಟ್ಟಿದಾಗ ಬಣವೆಗೆ ಕೆನ್ನೆ ಇಟ್ಟುಕೊಂಡು ನಗುತ್ತಿದ್ದ. ಅಂಥ ನಗು ನೋಡಿ ಎಷ್ಟೋ ವರ್ಷಗಳಾಗಿದ್ದವು.

ಧಾರವಾಡದ ಡಾಕ್ಟರರನ್ನು ಕೇಳಿದೆ. ಹೌದು, ಈ ರೋಗದಲ್ಲಿ ಕೆಲವರಿಗೆ ಹೀಗಾಗುತ್ತದೆ, ನಡೆಯಲಾಗದವರು ಸೈಕಲ್ ಹೊಡೆಯುತ್ತಾರೆ, ಹೊಡೆಯಲಿ, ಆದರೆ ಗಾಡಿ ಘೋಡಾ ಇಲ್ಲದ ರಸ್ತೆ ಇರಬೇಕು, ಒಬ್ಬರು ಜೊತೆಗಿರಬೇಕು ಅಂದರು. ಎಷ್ಟು ದಿನ ಹೊಡೆಯಬಹುದು ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, "ಹೊಡೀವಷ್ಟ ದಿನ" ಅಂದರು.

ಗಾಡಿ ಘೋಡಾ ಇಲ್ಲದ ರಸ್ತೆಯನ್ನು ನಮ್ಮ ಸೀಮೆಯಲ್ಲಿ ಹುಡುಕಿ ತೋರಿಸಿ ನೋಡೋಣ. ಎಂ.ಕೆ. ಹುಬ್ಬಳ್ಳಿಯ ಕಡೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯನ್ನು ತಮ್ಮ ಹಕ್ಕೆಂಬಂತೆ ಹಿಡಿದು ಬರುತ್ತವೆ. ಸವದತ್ತಿಯ ದಾರಿಯಲ್ಲಿ ಹುಣ್ಣಿಮೆ ಹತ್ತಿರ ಬಂದರೆ ದೇವಿಯ ಗುಡ್ಡಕ್ಕೆ ಹೋಗುವ ಜೀಪು, ಲಾರಿಗಳ ನಡುವೆ ನಾಯಿ ಕೂಡ ರಸ್ತೆ ದಾಟುವುದಿಲ್ಲ. ಇನ್ನು ಓಣಿಯಲ್ಲಿ ಹೊಡೆಯೋಣವೆಂದರೆ ಗಾಡಿಗಿಂತ ಕೆಟ್ಟದ್ದು ಜನರ ಬಾಯಿ. ಮಲ್ಲೇಶಪ್ಪನವರು ಕಟ್ಟೆಯ ಮೇಲೆ ಕೂತವರಿಗೆ ಹೇಳಿದ್ದನ್ನು ನಾನೇ ಕೇಳಿದೆ: "ಮಾಸ್ತರು ಭಾರೀ ಅದಾರಪಾ. ನೀರ ತಗೊಳ್ಳಾಕ ಏಳಂದ್ರ ಕಾಲ ಬರೂದಿಲ್ಲಂತ, ಸೈಕಲ್ ಮ್ಯಾಲ ನೋಡಿದ್ರ ಕುದರಿ ಹೋದಂಗ ಹೊಕ್ಕಾರ. ಪಾಪ ಆ ಅವ್ವ ದಿನಾ ಮನಿತುಂಬ ಗೆರಿ ಎಳದ ಎಳದ ಸಾಯ್ತಾಳ." ಅಣ್ಣನೂ ಕೇಳಿಸಿಕೊಂಡ. ಮತ್ತೆ ಅವನು ಓಣಿಯಲ್ಲಿ ಸೈಕಲ್ ಹತ್ತಲಿಲ್ಲ.

ಉಳಿದದ್ದು ಕಾಲುವೆ. ಡ್ಯಾಮಿನಿಂದ ಹೊರಟು ರಾಮದುರ್ಗದ ಕಡೆ ಹೋಗುವ ಮಲಪ್ರಭೆಯ ಕಾಲುವೆಯ ದಂಡೆಗುಂಟ ಒಂದು ಮಣ್ಣಿನ ದಾರಿ ಇದೆ. ನೀರು ಬಿಟ್ಟಾಗ ಇಲಾಖೆಯವರ ಜೀಪು ಓಡಾಡಲಿಕ್ಕೆಂದು ಮಾಡಿದ್ದು. ಜೀಪು ಯಾವಾಗ ಬರುತ್ತದೆಂದು ಜೀಪಿಗೂ ಗೊತ್ತಿರುವುದಿಲ್ಲ. ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಜಾಲಿ ಗಿಡಗಳು, ಅದರಾಚೆ ಕರಿ ಹೊಲ. ಆಗಾಗ ಒಂದು ಕುರಿ ಹಿಂಡು. ಇಂಥ ದಾರಿ ಸಿಕ್ಕಿತೆಂದು ನಾನು ಹಿಗ್ಗಿನಿಂದ ಹೇಳಿದಾಗ ವೈನಿ ಮುಖ ಗಂಟು ಹಾಕಿದರು.

"ನೀರಾಗ ಬಿದ್ರ?"

"ನಾ ಇರ್ತೇನಲ್ರಿ ವೈನಿ."

"ನಿಮಗ ಈಸ ಬರ್ತದೇನು?"

ನನಗೆ ಈಜು ಬರುವುದಿಲ್ಲ. ವೈನಿ ಒಂದು ಕರಾರು ಹಾಕಿದರು. ಕಾಲುವೆ ಒಣಗಿದ್ದಾಗ ಹೋಗಬಹುದು. ನೀರು ಬಿಟ್ಟ ದಿನದಿಂದ ಸೈಕಲ್ ಬಂದ್. ದೇವರ ಮುಂದೆ ಇಬ್ಬರಿಂದಲೂ ಆಣೆ ಮಾಡಿಸಿಕೊಂಡರು.

ಹೀಗೆ ನಮ್ಮ ರವಿವಾರಗಳು ಶುರುವಾದವು. ಬೇಸಿಗೆಯ ದಿನಗಳು. ನಾನು ಬೈಲಹೊಂಗಲದಿಂದ ಮೊದಲ ಬಸ್ಸಿಗೆ ಬರುತ್ತಿದ್ದೆ. ಅಣ್ಣನನ್ನೂ ಅವನ ಸೈಕಲ್ಲನ್ನೂ ನನಗೆಂದು ಕೊಂಡ ಹಳೆಯದೊಂದನ್ನೂ ಒಂದು ಟಂಟಂ ರಿಕ್ಷಾದಲ್ಲಿ ಹಾಕಿಕೊಂಡು ಕಾಲುವೆಯ ಪೂಲಿಗೆ, ಅಂದರೆ ಸಣ್ಣ ಸೇತುವೆಗೆ ಹೋಗುತ್ತಿದ್ದೆವು. ಟಂಟಂನವನು ನಮ್ಮನ್ನು ಇಳಿಸಿ ಬೇರೆ ಬಾಡಿಗೆಗೆ ಹೋಗುತ್ತಿದ್ದ, ಫೋನ್ ಮಾಡಿದರೆ ಬರುತ್ತಿದ್ದ. ಕೂರಿಸುವ ಕೆಲಸ ಸುಲಭ. ಹೆಗಲು ಕೊಟ್ಟು ಸೀಟಿಗೇರಿಸಿ, ಹಿಂದಿನಿಂದ ಮೆಲ್ಲಗೆ ನೂಕಿದರಾಯಿತು. ಕಷ್ಟವಿದ್ದದ್ದು ನಿಲ್ಲಿಸುವುದರಲ್ಲಿ. ಅಣ್ಣ ಎಲ್ಲಿ ನಿಲ್ಲಬೇಕೋ ಅಲ್ಲಿಗೆ ಅವನಿಗಿಂತ ಮೊದಲು ನಾನು ಮುಟ್ಟಿರಬೇಕು. ಅವನನ್ನು ಹಿಂದೆ ಹಾಕಿ, ನನ್ನ ಸೈಕಲ್ಲಿನಿಂದ ಹಾರಿ, ಅದನ್ನು ಜಾಲಿಗಿಡಕ್ಕೆ ಒಗೆದು, ದಾರಿಯ ನಡುವೆ ಎರಡೂ ಕೈ ಚಾಚಿ ನಿಲ್ಲಬೇಕು. ಅವನು ಬ್ರೇಕ್ ಹಿಡಿಯುತ್ತ ಬಂದು ನನ್ನ ಕೈಯೊಳಗೆ ನಿಲ್ಲುತ್ತಾನೆ. ನಾನು ಹ್ಯಾಂಡಲ್ ಹಿಡಿದು, ಸೊಂಟಕ್ಕೆ ಕೈ ಹಾಕಿ, ಒಂದೊಂದೇ ಕಾಲನ್ನು ಕೆಳಗಿಳಿಸುತ್ತೇನೆ.

ಕೇಳಲಿಕ್ಕೆ ಚೆನ್ನಾಗಿದೆ. ಆದರೆ ಅವನನ್ನು ಹಿಂದೆ ಹಾಕುವುದು ಹೇಗೆ? ನೆಲದ ಮೇಲೆ ಹೆಜ್ಜೆ ಕೀಳಲಾರದ ಎಪ್ಪತ್ತರ ಮನುಷ್ಯ ಬುಟ್ಟಿ ಇರುವ ಲೇಡೀಸ್ ಸೈಕಲ್ಲಿನ ಮೇಲೆ ಮುಂದೆ ಹೋಗುತ್ತಿದ್ದಾನೆ. ದಿನವಿಡೀ ಸ್ಟೂಲಿನ ಮೇಲೆ ಕೂತು ಉಬ್ಬಿದ ನಾನು ಹಿಂದೆ ನಾಲಗೆ ಹೊರಹಾಕಿಕೊಂಡು ಬರುತ್ತಿದ್ದೇನೆ. "ಸಾವಕಾಶ, ಅಣ್ಣಾ! ಸಾವಕಾಶ!" ಎಂದು ಕೂಗುತ್ತೇನೆ. "ಈಗ ಸಾವಕಾಶ ಅಂದ್ರ ಹೆಂಗೋ? ವಾರಾ ಪೂರ್ತಿ ಸಾವಕಾಶನ ಇರ್ತೇನಲ್ಲ" ಎಂದು ಅವನು ತಿರುಗದೆಯೇ ಕೂಗುತ್ತಾನೆ. ಕುರಿ ಕಾಯುವ ಮುದುಕನೊಬ್ಬ ನಮ್ಮನ್ನು ಪ್ರತಿ ವಾರ ನೋಡಿ, ರೋಗಿ ನಾನೇ ಎಂದು ತಿಳಿದಿದ್ದ. ಒಮ್ಮೆ ಅಣ್ಣನಿಗೆ, "ಮಾಸ್ತರ, ಅವರಿಗೆ ಇಷ್ಟ ತ್ರಾಸ ಕೊಡಬ್ಯಾಡ್ರಿ, ಮನ್ಯಾಗ ಕೂಡಸ್ರಿ" ಎಂದು ಬುದ್ಧಿಯನ್ನೂ ಹೇಳಿದ. ಅಣ್ಣ ಆ ಮಾತನ್ನು ವಾರಗಟ್ಟಲೆ ಹೇಳಿಕೊಂಡು ನಕ್ಕ.

ನಗುತ್ತಿದ್ದೆವು ನಿಜ. ಆದರೆ ಆ ದಿನಗಳನ್ನು ಸುಖದ ದಿನಗಳೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಕಾಲುವೆಯ ದಂಡೆಯಷ್ಟು ಬಿಕೋ ಅನ್ನುವ ಜಾಗ ಇನ್ನೊಂದಿಲ್ಲ. ಒಣಗಿದ ತಳದಲ್ಲಿ ಬಿರಿದ ಕೆಸರು, ಹರಿದ ಚಪ್ಪಲಿ, ಯಾರೋ ಬಿಟ್ಟುಹೋದ ದೇವರ ಫೋಟೋಗಳ ಚೌಕಟ್ಟು. ಗಾಳಿ ಬಿಟ್ಟರೆ ಸದ್ದಿಲ್ಲ. ಅಣ್ಣನ ಬೆನ್ನು ನೋಡುತ್ತ ಸೈಕಲ್ ಹೊಡೆಯುವಾಗೆಲ್ಲ ನನಗೆ ಡಾಕ್ಟರರ ಮಾತು ನೆನಪಾಗುತ್ತಿತ್ತು. ಇದೊಂದು ಉಳಿದಿದೆ, ಇದೂ ಹೋಗುತ್ತದೆ, ಯಾವಾಗ ಎಂಬುದೊಂದೇ ಗೊತ್ತಿಲ್ಲ. ಅವನಿಗೂ ಇದೇ ಯೋಚನೆಯಿತ್ತೆಂದು ಕಾಣುತ್ತದೆ. ಒಂದು ಸಲ ಕೈಯೊಳಗೆ ಬಂದು ನಿಂತವನು ಇಳಿಯದೆ ಹಾಗೇ ಕೂತು, "ಗುಂಡ್ಯಾ, ಇದರ ಮ್ಯಾಲ ಇದ್ದಾಗ ನಾ ನಾನ ಅದೇನಿ ಅನಸ್ತದ. ಇಳದ ಮ್ಯಾಲ ನಿಮ್ಮ ವೈನಿ ಗಂಡ" ಅಂದ. ನಾನು ಅವನ ಚಪ್ಪಲಿ ಸರಿಮಾಡುವ ನೆವದಲ್ಲಿ ಬಗ್ಗಿದೆ.

ಆಷಾಢ ಬಂತು. ನಮ್ಮ ಕಡೆ ಮೋಡ, ಗಾಳಿ ಅಷ್ಟೇ. ಮೇಲೆ ಖಾನಾಪುರದ ಕಡೆ ಮಳೆ ಹಿಡಿದರೆ ಡ್ಯಾಮ್ ತುಂಬುತ್ತದೆ. ನನ್ನ ಅಂಗಡಿಗೆ ಬಂದ ರೈತರು ಕಟ್ಟೆಗೆ ಎಷ್ಟು ನೀರು ಬಂತು, ಕಾಲುವೆಗೆ ಯಾವಾಗ ಬಿಡುತ್ತಾರೆ ಎಂಬುದನ್ನೇ ಮಾತಾಡುತ್ತಿದ್ದರು. ಇಡೀ ಸೀಮೆ ನೀರಿಗಾಗಿ ಕೈಮುಗಿದು ನಿಂತಿದ್ದಾಗ, ಬಾರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದವರು ನಾವಿಬ್ಬರೇ ಇರಬೇಕು. ಗಿರಾಕಿಗಳ ಮುಂದೆ, "ಬರಲಿ, ಬರಲಿ, ಭಾಳ ಛಲೋ ಆಗ್ತದ" ಅನ್ನುತ್ತಿದ್ದೆ. ನೀರು ಬಿಟ್ಟರೆ ಮತ್ತೆ ಕಾಲುವೆ ಒಣಗಲಿಕ್ಕೆ ಚಳಿಗಾಲ ಕಳೆಯಬೇಕು. ಅಲ್ಲಿಯ ತನಕ ಅಣ್ಣ ಕಾಯಬಲ್ಲ, ಅವನ ರೋಗ ಕಾಯುವುದಿಲ್ಲ.

ಕೊನೆಯ ರವಿವಾರ ಮೋಡ ನೆಲಕ್ಕೆ ಇಳಿದಂತಿತ್ತು. ಗಾಳಿ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಟಂಟಂ ಹೋದ ಮೇಲೆ ಅಣ್ಣ, "ವಾರಾ ವಾರಾ ತಿರಗಿ ಬರೂ ಪೂಲಿಗೆ ಬ್ಯಾಡ. ಇವತ್ತ ಮುಂದ ಹೋಗೂಣು" ಅಂದ. ಎಷ್ಟು ಮುಂದೆ ಎಂದು ನಾನು ಕೇಳಲಿಲ್ಲ. ನೂಕಿದೆ, ನನ್ನ ಸೈಕಲ್ ಹತ್ತಿದೆ.

ನಾವು ಯಾವಾಗಲೂ ತಿರುಗುವ ಪೂಲು ದಾಟಿ ಸ್ವಲ್ಪ ದೂರದಲ್ಲಿ, ಹೊಲಕ್ಕೆ ನೀರು ತಿರುಗುವ ತೂಬಿನ ಹತ್ತಿರ ಗಂಡಹೆಂಡತಿ ಇಬ್ಬರು ಕೂತಿದ್ದರು. ಹೆಂಗಸಿನ ಮುಂದೆ ಬುಟ್ಟಿಯಲ್ಲಿ ಅರಿಷಿಣ, ಕುಂಕುಮ, ಒಂದು ತೆಂಗಿನಕಾಯಿ, ಒಂದು ಹಸಿರು ಕುಬಸದ ಕಣ. ಹೊಸ ನೀರಿಗೆ ಉಡಿ ತುಂಬಲು ಕಾದಿದ್ದಾರೆಂದು ನನಗೆ ನೋಡಿದ ಕೂಡಲೇ ತಿಳಿಯಿತು.

"ನೀರ ಬಿಟ್ಟಾರೇನ್ರಿ?" ಎಂದು ಸೈಕಲ್ಲಿನ ಮೇಲಿಂದಲೇ ಕೇಳಿದೆ.

"ಹೌದ್ರಿ ಯಪ್ಪಾ, ಬಿಟ್ಟಾರ. ಹಿಂದ ಬರಾಕ ಹತ್ತೇತಿ ನೋಡ್ರಿ. ಇನ್ನೇನ ಬಂತು," ಎಂದು ಆ ಹೆಂಗಸು ಸಂತೋಷದಿಂದ ಎದ್ದು ನಿಂತಳು.

ಹಿಂತಿರುಗಿ ನೋಡಿದೆ. ದೂರದಲ್ಲಿ ಕಾಲುವೆಯ ತಳ ಕಪ್ಪಗಾಗುತ್ತ ಬರುತ್ತಿತ್ತು. ಕಾಲುವೆಯ ಮೊದಲ ನೀರು ಭೋರೆಂದು ಬರುವುದಿಲ್ಲ. ಕಸಕಡ್ಡಿ, ಜಾಲಿಯ ಕಾಯಿ, ಖಾಲಿ ಬಾಟಲಿಗಳನ್ನು ಮುಂದೆ ದೂಡಿಕೊಂಡು, ಬಿರುಕುಗಳನ್ನು ಒಂದೊಂದಾಗಿ ತುಂಬುತ್ತ, ಮನುಷ್ಯ ನಡೆದಂತೆ ಬರುತ್ತದೆ.

"ಅಣ್ಣಾ, ನೀರ ಬಂತು! ನಿಂದರೂಣು!" ಎಂದು ಕೂಗಿದೆ.

"ಎಲ್ಲೆ ಬಂತು? ಇಲ್ಲೆ ಒಣಾನ ಅದಲ್ಲೋ. ನಿಮ್ಮ ವೈನಿ ಏನ ಹೇಳ್ಯಾಳ? ನೀರಿದ್ದಲ್ಲೆ ಬ್ಯಾಡ ಅಂದಾಳ. ನೀರ ಹಿಂದದ, ನಾವು ಮುಂದ ಅದೇವಿ" ಎಂದು ಅವನು ಇನ್ನೂ ಜೋರಾಗಿ ತುಳಿದ. ಅಪ್ಪನ ಮಗ ಎಂಬುದರಲ್ಲಿ ಸಂಶಯವೇ ಇಲ್ಲ.

ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಫೋನ್ ಹಿಡಿದು ಟಂಟಂನವನಿಗೆ ಮುಂದಿನ ಊರಿನ ಪೂಲಿಗೆ ಬಾ ಎಂದು ಹೇಳಿದೆ. ಆಮೇಲೆ ಅವನ ಹಿಂದೆ ಬಿದ್ದೆ. ಬೆನ್ನಿಗೆ ಗಾಳಿ ಇದ್ದದ್ದರಿಂದಲೋ ಏನೋ ಅಂದು ನನಗೂ ದಣಿವಾಗಲಿಲ್ಲ. ಬಿತ್ತಿದ ಹೊಲಗಳು, ಅಲ್ಲಲ್ಲಿ ಒಂದು ಬೇವಿನ ಗಿಡ, ದೂರದಲ್ಲಿ ಕೆಂಪು ಗುಡ್ಡ. ಅಣ್ಣನ ಅಂಗಿ ಗಾಳಿಗೆ ಉಬ್ಬಿತ್ತು. ಅವನು ಯಾವುದೋ ದೇವರನಾಮ ಗುನುಗುತ್ತಿದ್ದ, ದನಿ ಗಾಳಿಯಲ್ಲಿ ಕಡಿದು ಕಡಿದು ಕೇಳುತ್ತಿತ್ತು. ನೀರು ಬಹಳ ಹಿಂದೆ ಬಿದ್ದಿತು. ಹೀಗೇ ರಾಮದುರ್ಗದ ತನಕ ಹೋದರೂ ಹೋದೇವು ಎಂದು ನನಗೆ ಒಂದು ಗಳಿಗೆ ಅನ್ನಿಸಿದ್ದು ನಿಜ.

ಪೂಲು ಕಂಡಿತು. ನಾನು ಉಸಿರು ಬಿಗಿಹಿಡಿದು ಅವನನ್ನು ಹಿಂದೆ ಹಾಕಿದೆ, ಸೈಕಲ್ ಒಗೆದೆ, ದಾರಿಯ ನಡುವೆ ಎರಡೂ ಕೈ ಚಾಚಿ ನಿಂತೆ. ಅಣ್ಣ ಬರುತ್ತಿದ್ದ. ನನ್ನ ಮುಖವನ್ನೇ ನೋಡುತ್ತಿದ್ದ. ಎಂದಿನಂತೆ ವೇಗ ಕಡಿಮೆಯಾಗಬೇಕಾದ ಜಾಗ ಬಂತು, ಕಡಿಮೆಯಾಗಲಿಲ್ಲ.

"ಬ್ರೇಕ್ ಹಿಡಿ ಅಣ್ಣಾ! ಬ್ರೇಕ್!"

ಅವನು ಬಂದು ನನ್ನ ಎದೆಗೆ ಬಡಿದ. ನಾನು ಕೆಳಗೆ, ನನ್ನ ಮೇಲೆ ಅಣ್ಣ, ಅಣ್ಣನ ಕಾಲಿನ ಮೇಲೆ ಸೈಕಲ್. ಬುಟ್ಟಿ ಕಿತ್ತುಹೋಗಿ ದಾರಿಯ ಮೇಲೆ ಉರುಳಿತು. ಹೇಗೋ ಕೆಳಗಿನಿಂದ ಜಾರಿ ಹೊರಬಂದು ಅವನ ತಲೆ, ತೋಳು, ಮೊಣಕಾಲು ಮುಟ್ಟಿ ಮುಟ್ಟಿ ನೋಡಿದೆ. ಮೊಣಕೈ ತರಚಿತ್ತು, ಬೇರೇನೂ ಆಗಿರಲಿಲ್ಲ. ಎತ್ತಿ ಕೂರಿಸಿದೆ. ಇಬ್ಬರೂ ಧೂಳಿನಲ್ಲಿ ಕಾಲು ಚಾಚಿ ಕೂತೆವು.

"ಹಿಡದಿದ್ದೆನೋ ಗುಂಡ್ಯಾ," ಅಂದ. "ಖರೇನ ಹಿಡದಿದ್ದೆ. ಹಿಡದೇನಿ ಅಂತನ ನನಗ ಅನಸ್ತು. ಕೈ ಹಿಡೀಲಿಲ್ಲ."

ಅವನು ತನ್ನ ಬಲಗೈಯನ್ನು ನೋಡಿಕೊಳ್ಳುತ್ತಿದ್ದ. ಅಂಕಿ ಸಣ್ಣದಾದರೂ ಇಷ್ಟು ದಿನ ಆ ಕೈಯ ಹಿಡಿತ ತಪ್ಪಿರಲಿಲ್ಲ. ನಾನು ಅದನ್ನು ಹಿಡಿದುಕೊಂಡೆ. ಸಮಾಧಾನದ ಮಾತು ಹೇಳುವುದು ನನ್ನ ದಿನನಿತ್ಯದ ಕೆಲಸ. ಅಂಗಡಿಯ ಕಟ್ಟೆಯ ಮೇಲೆ ಕೈಯೂರಿ ಎಷ್ಟು ಜನರಿಗೆ ಹೇಳಿಲ್ಲ? ಅಂದು ನನಗೆ ಅಳು ಬಂತು, ಅತ್ತೆ.

ಕಾಲುವೆಯ ನೀರು ನಾವು ಕೂತಲ್ಲಿಯ ತನಕ ಬಂದು ಮುಟ್ಟಿತು. ಕಸ ಹೊತ್ತುಕೊಂಡು, ಸದ್ದಿಲ್ಲದೆ ಪೂಲಿನ ಕೆಳಗೆ ಹೋಯಿತು. ಅಣ್ಣ ಅದನ್ನು ನೋಡುತ್ತ ಕೂತಿದ್ದ.

"ಮನ್ಯಾಗ ಏನ ಹೇಳ್ತೀ?" ಎಂದು ಕೇಳಿದ.

"ನೀ ಹೇಳು."

"ನೀರ ಬಂತು ಅಂತ ಹೇಳೂಣು. ನೀರ ಬಂತು, ಅದಕ್ಕ ಸೈಕಲ್ ಬಂದ್ ಮಾಡಿದ್ವಿ. ಕೈ ವಿಷಯ ಹೇಳೂದು ಬ್ಯಾಡ."

"ಹೂಂ."

ಮನೆಗೆ ಬಂದಾಗ ವೈನಿ ಅವನ ಮೊಣಕೈ ನೋಡಿದರು, ಬುಟ್ಟಿ ಇಲ್ಲದ ಸೈಕಲ್ ನೋಡಿದರು, ನನ್ನ ಅಂಗಿಯ ಮಣ್ಣು ನೋಡಿದರು. "ಕಾಲುವಿಗೆ ನೀರ ಬಿಟ್ರಂತ?" ಎಂದು ಕೇಳಿದರು. "ಬಿಟ್ರು ವೈನಿ," ಅಂದೆ. "ಬಿಡಲಿ. ರೈತರಿಗೆ ಛಲೋ ಆತು," ಎಂದು ಅರಿಷಿಣ ತರಲು ಒಳಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಆ ಮಳೆಗಾಲ ಕಳೆಯಿತು, ಚಳಿಗಾಲವೂ ಕಳೆಯಿತು. ಅಣ್ಣನ ಬಲಗೈ ಈಗ ಚಮಚ ಹಿಡಿಯುವುದಿಲ್ಲ. ದನಿ ಸಣ್ಣಗಾಗಿದೆ, ಕಿವಿ ಹತ್ತಿರ ಒಯ್ಯಬೇಕು. ನಾನು ಪ್ರತಿ ರವಿವಾರ ಹೋಗುತ್ತೇನೆ. ಹೋಳಿ ಹುಣ್ಣಿಮೆ ಆದ ಮೇಲಿನ ವಾರ ಬಸ್ಸಿಳಿದವನು ಮನೆಗೆ ಹೋಗದೆ ಕಾಲುವೆಯ ಪೂಲಿನ ತನಕ ನಡೆದು ಹೋದೆ. ನೀರು ನಿಂತಿತ್ತು. ತಳದ ಕೆಸರು ಆಗಲೇ ಬಿರಿಯತೊಡಗಿತ್ತು, ಅದರೊಳಗೆ ನಾಲ್ಕು ಆಡುಗಳು ಇಳಿದು ಮೇಯುತ್ತಿದ್ದವು. ದಂಡೆಯ ದಾರಿ ಖಾಲಿ ಬಿದ್ದಿತ್ತು. ಸ್ವಲ್ಪ ಹೊತ್ತು ನಿಂತು ವಾಪಸು ಬಂದೆ.

ಅಣ್ಣ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದ. ವೈನಿ ಅವನಿಗೆ ಅವಲಕ್ಕಿ ತಿನ್ನಿಸುತ್ತಿದ್ದರು. ನನ್ನ ಚಪ್ಪಲಿಯ ಧೂಳು ನೋಡಿದ. ಏನೋ ಅಂದ. ನಾನು ಬಗ್ಗಿ ಕಿವಿಗೊಟ್ಟೆ.

"ಕಾಲುವ್ಯಾಗ ನೀರ ಅದ ಏನೋ?"

ವೈನಿಯ ಕೈ ತಟ್ಟೆಯಲ್ಲೇ ನಿಂತಿತು.

"ಅದ ಅಣ್ಣಾ," ಅಂದೆ. "ದಂಡಿ ಮುಟ್ಟಿ ಹರೀಲಿಕ್ಕೆ ಹತ್ತದ."

"ಹಂಗಾದ್ರ ಈ ವಾರ ಬ್ಯಾಡ ಬಿಡು," ಅಂದ ಅಣ್ಣ, ಮತ್ತು ಅವಲಕ್ಕಿಗೆ ಬಾಯಿ ತೆರೆದ.